ಒಂದೇ ಬಳಿಯ ನಾಲ್ಕು ಸೆಲ್ಲು

ನನ್ನ ಅಂಗಿಯನ್ನು ವಾಷಿಂಗ್ ಮಷೀನಿಗೆ ಹಾಕುವ ಮುಂಚೆ ನನ್ನ ಹೆಂಡತಿ ವಸಂತಿ ಜೇಬು ತಡಕುತ್ತಾಳೆ. ಬೇರೆಯವರ ಹೆಂಡತಿಯರಿಗೆ ಇಂಥ ತಪಾಸಣೆಯಲ್ಲಿ ಏನೇನು ಸಿಗುತ್ತದೋ ನನಗೆ ತಿಳಿಯದು. ನನ್ನವಳಿಗೆ ಸಿಗುವುದು ಸೆಲ್ಲು. ಗೋಡೆ ಗಡಿಯಾರಕ್ಕೆ ಹಾಕುತ್ತೇವಲ್ಲ, ಆ ಬೆರಳು ಗಾತ್ರದ್ದು. ಮೊನ್ನೆಯೂ ಒಂದು ಸಿಕ್ಕಿತು. ಅದರ ಮೈಮೇಲೆ ಕಪ್ಪು ಶಾಯಿಯಲ್ಲಿ ‘ಹೊ’ ಎಂದು ಬರೆದಿತ್ತು. ಅವಳು ಅದನ್ನು ತಂದು ನನ್ನ ಊಟದ ತಟ್ಟೆಯಲ್ಲಿ, ಉಪ್ಪಿನಕಾಯಿ ಬಡಿಸುವ ಜಾಗದಲ್ಲಿ ಇಟ್ಟು ಒಳಗೆ ಹೋದಳು. ಒಂದು ಮಾತೂ ಆಡಲಿಲ್ಲ. ಮಾತಾಡದೆ ಬೈಯುವ ವಿದ್ಯೆ ನಮ್ಮ ಮನೆಯಲ್ಲಿ ಅವಳೊಬ್ಬಳಿಗೇ ಸಿದ್ಧಿಸಿದೆ.

ನನಗೆ ಮಾತ್ರ ಹೋದ ಜೀವ ಬಂದ ಹಾಗಾಯಿತು. ಉಳಿದ ಮೂರು ‘ಹೊ’ಗಳು ನಾಲ್ಕನೆಯದಿಲ್ಲದೆ ಡಬ್ಬಿಯಲ್ಲಿ ಸುಮ್ಮನೆ ಬಿದ್ದಿದ್ದವು. ಒಂದು ಸೆಲ್ಲು ಕಳೆದರೆ ಇನ್ನೊಂದು ತಂದು ಸೇರಿಸಿದರಾಯಿತಪ್ಪ, ಅದಕ್ಕೇಕೆ ಸೂತಕದ ಮುಖ ಎಂದು ನೀವು ಕೇಳಬಹುದು. ಕೇಳಿ. ನಾನೂ ಒಂದು ಕಾಲದಲ್ಲಿ ಹಾಗೆ ಕೇಳುತ್ತಿದ್ದವನೇ.

ನಾವುಂದದ ಹೆದ್ದಾರಿ ಬದಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮೊಬೈಲು ಬಂದ ಮೇಲೆ ಊರಿನವರೆಲ್ಲ ಫೋಟೋಗ್ರಾಫರಾದರು, ನನ್ನನ್ನು ಕರೆಯುವವರು ಕಮ್ಮಿಯಾದರು. ಆದರೂ ಮದುವೆ, ಸೀಮಂತ, ಮನೆಯೊಕ್ಕಲು ಎಂದು ಬೈಂದೂರಿನಿಂದ ಕುಂದಾಪುರದವರೆಗೆ, ಕೆಲವೊಮ್ಮೆ ಬ್ರಹ್ಮಾವರದವರೆಗೂ ಓಡಾಟ ಇದ್ದೇ ಇದೆ. ಕ್ಯಾಮೆರಾದ ತಲೆಯ ಮೇಲೆ ಕೂರುವ ಫ್ಲ್ಯಾಶಿಗೆ ನಾಲ್ಕು ಸೆಲ್ಲು ಬೇಕು. ಈ ನಾಲ್ಕರ ವಿಷಯದಲ್ಲಿ ನಾನು ಭಾರಿ ಮಡಿವಂತ. ಬೇರೆ ಯಾವುದರಲ್ಲೂ ನನಗೆ ಶಿಸ್ತಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಹೇಗೂ ವಸಂತಿ ಹೇಳದೆ ಬಿಡುವವಳಲ್ಲ. ಒಮ್ಮೆ ಬ್ರಹ್ಮಾವರದ ಮದುವೆಯೊಂದರಿಂದ ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದು ಕಾಲಿಗೆ ಇನ್ಯಾರದೋ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದಿದ್ದೆ. ಎರಡೂ ಕಂದು ಬಣ್ಣದವೇ, ಏನೀಗ, ಎಂದು ವಾದಿಸಿದೆ. ಅವುಗಳಲ್ಲೊಂದು ಹೆಂಗಸರದು ಎಂದು ಅವಳು ಹಿಮ್ಮಡಿ ತೋರಿಸಿದ ಮೇಲೆ ವಾದ ನಿಲ್ಲಿಸಿದೆ.

ಸೆಲ್ಲಿನ ಜತೆಗಿನ ನನ್ನ ಸಂಬಂಧ ಚಿಕ್ಕಂದಿನದು. ನಮ್ಮ ಮನೆಯಲ್ಲಿ ಮೂರು ಸೆಲ್ಲಿನ ಉದ್ದ ಟಾರ್ಚೊಂದಿತ್ತು. ಅದನ್ನು ಹೊತ್ತಿಸುವ ಅಧಿಕಾರ ಅಪ್ಪಯ್ಯನದು, ಅದರ ಹೊಟ್ಟೆಬಟ್ಟೆಯ ಚಿಂತೆ ಅಮ್ಮನದು. ಬೆಳಕು ಕೆಂಪಗಾಗುತ್ತ ಬಂದರೆ ಅಮ್ಮ ಸೆಲ್ಲುಗಳನ್ನು ಹೊರತೆಗೆದು ಹಪ್ಪಳ ಒಣಗಿಸುವ ಚಾಪೆಯ ಅಂಚಿನಲ್ಲಿ ಬಿಸಿಲಿಗಿಡುತ್ತಿದ್ದಳು. ಕಾಗೆ ಓಡಿಸಲು ಕೂತ ನಾನು ಹಪ್ಪಳದ ಹಿಟ್ಟು ಕದ್ದು ತಿನ್ನುತ್ತ, ಸೆಲ್ಲು ಉಬ್ಬುತ್ತದೋ ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಹಪ್ಪಳದ ಹಾಗೆ ಇದೂ ಒಣಗಿ ಗರಿಗರಿಯಾಗುತ್ತದೆ ಎಂದೇ ನನ್ನ ತಿಳಿವಳಿಕೆ. ಸಂಜೆಗೆ ಬಿಸಿಯಾದ ಸೆಲ್ಲು ಒಳಗೆ ಹೋದರೆ ಟಾರ್ಚು ಎರಡು ದಿನ ಮತ್ತೆ ಉರಿಯುತ್ತಿತ್ತು. ಆಮೇಲೆ ಪುನಃ ಚಾಪೆ, ಪುನಃ ಕಾಗೆ.

ಬಿಸಿಲಿಗೂ ಬಗ್ಗದೆ ಹೋದರೆ ಅಂಗಡಿಯಿಂದ ಹೊಸ ಸೆಲ್ಲು ಬರುತ್ತಿತ್ತು. ಒಂದೇ ಒಂದು. ಮೂರನ್ನೂ ಒಟ್ಟಿಗೆ ತರುವುದೆಂದರೆ ನಮ್ಮ ಮನೆಯ ಲೆಕ್ಕದಲ್ಲಿ ಅಹಂಕಾರ. ಆ ಒಂದನ್ನು ಅಮ್ಮ ಎರಡು ಹಳೆಯದರ ನಡುವೆ ತೂರಿಸುತ್ತಿದ್ದಳು. ಇದಕ್ಕೆ ಅವಳದೇ ಒಂದು ಶಾಸ್ತ್ರವಿತ್ತು. ನಮ್ಮಲ್ಲಿ ಕೋಣದ ಕರುವಿಗೆ ಉಳುಮೆ ಕಲಿಸುವಾಗ ಅದನ್ನು ಪಳಗಿದ ಮುದಿ ಕೋಣದ ಜತೆ ನೊಗಕ್ಕೆ ಕಟ್ಟುತ್ತಾರೆ. ಎಳೆಯದು ಎಳೆದಾಡಿದರೆ ಮುದಿಯದು ತಡೆಯುತ್ತದೆ, ಮುದಿಯದು ಸೋತರೆ ಎಳೆಯದು ಎಳೆಯುತ್ತದೆ. “ಹಳ್ತ್ರ ಜೊತಿಗ್ ಹಾಕ್ರೆ ಹೊಸ್ತ್ ಕೆಲ್ಸ ಕಲಿತ್ತ್” ಎನ್ನುತ್ತಿದ್ದಳು. ಹೊಸ್ತಿನ ಹಬ್ಬದ ದಿನ ಹೊಸ ಭತ್ತದ ನಾಲ್ಕು ಕಾಳನ್ನು ಸುಲಿದು ಹಳೆ ಅಕ್ಕಿಯ ಅನ್ನಕ್ಕೆ ಬೆರೆಸುವವರು ನಾವು. ಹೊಸ ಮೊಸರಿಗೆ ಹಳೆ ಮಜ್ಜಿಗೆಯೇ ಹೆಪ್ಪು. ಹಳೆಯದಕ್ಕೆ ಹೊಸದು ಕೂಡದೆ ನಮ್ಮ ಊರಲ್ಲಿ ಏನು ತಾನೇ ನಡೆದಿದೆ ಹೇಳಿ!

ಈ ಸಂಸ್ಕಾರ ಹೊತ್ತುಕೊಂಡೇ ನಾನು ಫೋಟೋ ಕಸುಬಿಗೆ ಬಂದೆ. ಬಿಸಾಡುವ ಸೆಲ್ಲುಗಳ ಕಾಲ ಹೇಗೋ ಕಳೆಯಿತು. ಆಮೇಲೆ ಮೊಬೈಲಿನ ಹಾಗೆ ಮತ್ತೆ ಮತ್ತೆ ಚಾರ್ಜು ಮಾಡುವ ಲಿಥಿಯಂ ಸೆಲ್ಲು ಬಂತು. ಎಂಟು ತಂದೆ. ಅದರಲ್ಲಿ ಎರಡು ಎಲ್ಲೋ ಕಳೆದವು, ಯಾವಾಗಲೋ ಮತ್ತೆ ಎರಡು ತಂದೆ, ಬೇರೆ ಕಂಪನಿಯದು. ಕೈಗೆ ಸಿಕ್ಕ ನಾಲ್ಕು ತುಂಬಿಸುವುದು, ಹೊಡೆಯುವುದು. ಕೆರಾಡಿ ಕಡೆಯ ಒಂದು ಮದುವೆಯಲ್ಲಿ ಧಾರೆಯ ಹೊತ್ತಿಗೆ ಸರಿಯಾಗಿ ಫ್ಲ್ಯಾಶು ನನ್ನ ಹಣೆಯ ಹತ್ತಿರ ಬಿಸಿ ಬಿಸಿಯಾಗತೊಡಗಿತು. ನನಗೇ ಜ್ವರ ಬಂತೇನೋ ಎಂದುಕೊಂಡೆ. ಮುಟ್ಟಿ ನೋಡಿದರೆ ಕಾದ ದೋಸೆ ಕಾವಲಿ. ಮಂಟಪದಿಂದ ಹೊರಗೋಡಿ ಮುಚ್ಚಳ ತೆಗೆದು ಸೆಲ್ಲುಗಳನ್ನು ಅಂಗಳಕ್ಕೆ ಚೆಲ್ಲಿದೆ. ಅಡುಗೆಯವರು ಹೋಳಿಗೆ ತಟ್ಟುವುದು ಬಿಟ್ಟು ನೋಡಿದರು. ಅವುಗಳಲ್ಲೊಂದರ ಹೊಟ್ಟೆ ಉಬ್ಬಿತ್ತು.

ಆ ಮೇಲೆ ಪ್ಯಾಕೆಟ್ಟಿನ ಹಿಂಬದಿಯ ಇರುವೆ ಸಾಲಿನಂಥ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದೆ. ವಿಷಯ ಇಷ್ಟೆ. ನಾಲ್ಕು ಸೆಲ್ಲು ಒಂದರ ಹಿಂದೆ ಒಂದು ನಿಂತು ಕೆಲಸ ಮಾಡುವಾಗ ಎಲ್ಲದರ ಮೈಯಲ್ಲೂ ಒಂದೇ ಸಮ ಹರಿಯಬೇಕು. ದಣಿದದ್ದೊಂದು ನಡುವೆ ಸಿಕ್ಕಿಕೊಂಡರೆ ಉಳಿದ ಮೂರು ಅದನ್ನು ಬಿಡುವುದಿಲ್ಲ, ದರದರ ಎಳೆದುಕೊಂಡೇ ಹೋಗುತ್ತವೆ. ಅದಕ್ಕೆ ಮೈಬಿಸಿ ಏರುತ್ತದೆ, ಒಮ್ಮೊಮ್ಮೆ ಸಿಡಿಯಲೂಬಹುದು. ಇಲ್ಲಿ ಮುದಿ ಕೋಣ ಯಾರಿಗೂ ಏನೂ ಕಲಿಸುವುದಿಲ್ಲ. ಹಾಗಾಗಿ ಒಂದೇ ಕಂಪನಿಯದು, ಒಂದೇ ದಿನ ಕೊಂಡದ್ದು, ಒಟ್ಟಿಗೇ ದುಡಿದದ್ದು, ಒಟ್ಟಿಗೇ ಚಾರ್ಜಾದದ್ದು, ಇಂಥ ನಾಲ್ಕೇ ಒಂದು ಕಡೆ ಇರಬೇಕು. ಒಂದು ಸತ್ತರೆ ನಾಲ್ಕಕ್ಕೂ ನಿವೃತ್ತಿ. ಇನ್ನೊಂದು ಸಂಗತಿ. ಹಳೆ ಕಾಲದ ಸೆಲ್ಲು ಮಂಕಾಗಿ, ಕೆಂಪಾಗಿ, ನಾನು ಹೊರಟೆ ಎಂದು ನಾಲ್ಕು ಸಲ ಹೇಳಿ ಸಾಯುತ್ತಿತ್ತು. ಈ ಲಿಥಿಯಂ ಜಾತಿಯದಕ್ಕೆ ಆ ಮರ್ಯಾದೆ ಇಲ್ಲ. ಕೊನೆಯ ಉಸಿರಿನ ತನಕ ನೆಟ್ಟಗೆ ನಿಂತಿದ್ದು ಏಕಾಏಕಿ ನಿಂತುಬಿಡುತ್ತದೆ.

ಅಂದಿನಿಂದ ನಾನು ನಾಲ್ಕು ನಾಲ್ಕರ ಕಟ್ಟು ಮಾಡತೊಡಗಿದೆ. ಗುರುತಿಗೆ ಏನು ಬರೆಯುವುದು? ಒಂದು, ಎರಡು ಎಂದು ಬರೆದರೆ ಕಟ್ಟಿನ ಸಂಖ್ಯೆಯೋ ಸೆಲ್ಲಿನ ಸಂಖ್ಯೆಯೋ ಎಂದು ನನಗೇ ಗೊಂದಲ. ಆಗ ಹೊಳೆದದ್ದು ಬಳಿ. ನಮ್ಮ ಕಡೆಯ ಎಷ್ಟೋ ಮನೆತನಗಳಲ್ಲಿ ಬಳಿ ಎಂಬುದೊಂದಿದೆ. ಬೇರೆಡೆಯ ಗೋತ್ರದ ಹಾಗೆ, ಆದರೆ ಇದು ಬರುವುದು ತಾಯಿಯಿಂದ. ತಾಯಿಯ ಬಳಿಯೇ ಮಕ್ಕಳ ಬಳಿ. ಒಂದೇ ಹೊಟ್ಟೆಯಿಂದ ಕವಲೊಡೆದವರೆಲ್ಲ ಒಂದೇ ಬಳಿಯವರು. ಒಂದೇ ಪ್ಯಾಕೆಟ್ಟಿನಿಂದ ಬಂದ ನಾಲ್ಕು ಸೆಲ್ಲಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೆ? ನಮ್ಮದು ಹೊನ್ನೆ ಬಳಿ. ಹೊಸ ಕಟ್ಟಿಗೆ ‘ಹೊ’ ಎಂದು ಬರೆದೆ. ವಸಂತಿಯದು ಗೋಳಿ ಬಳಿ. ಸ್ವಲ್ಪ ಹಳೆಯ ಕಟ್ಟು ‘ಗೋ’ ಆಯಿತು. ಗೋಳಿ ಬಳಿಯವಕ್ಕೆ ಚಾರ್ಜು ನಿಲ್ಲುವುದಿಲ್ಲ, ಬೇಗ ಬಿಸಿಯಾಗುತ್ತವೆ ಎಂದು ಒಮ್ಮೆ ಹೆಂಡತಿಯ ಮುಂದೆ ನಗೆಯಾಡಿದೆ. ಆ ದಿನ ನನಗೆ ಸಾರಿನಲ್ಲಿ ಮೀನು ಸಿಗಲಿಲ್ಲ, ಬರಿ ಸಾರು ಸಿಕ್ಕಿತು.

ಬಳಿಯ ಮಾತು ಬಂದ ಮೇಲೆ ಜಲಜ ದೊಡ್ಡಮ್ಮನ ಮಾತು ಬಾರದೆ ಇರುವುದಿಲ್ಲ. ಅವಳು ನನ್ನ ಅಮ್ಮನ ಅಕ್ಕ. ಉಪ್ಪುಂದದಲ್ಲಿ ಮಗ ಸೊಸೆಯ ಜತೆಗಿದ್ದಾಳೆ. ಮಗ ಶೇಖರ ಮುಂಬಯಿಯಲ್ಲಿ ಹೋಟೆಲಿನ ಕೆಲಸ ಕಲಿತು ಬಂದು ಊರಲ್ಲೇ ಒಂದು ಹೋಟೆಲು ಹಾಕಿದ್ದಾನೆ, ಹಿಂದುಗಡೆಯೇ ಮನೆ. ದೊಡ್ಡಮ್ಮ ಸಂಬಂಧ ಕೂಡಿಸುವುದರಲ್ಲಿ ಪಳಗಿದ ಕೈ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕುಗಳ ಹೆಣ್ಣು ಗಂಡು ಅವಳ ನಾಲಿಗೆಯ ತುದಿಯಲ್ಲಿ. ಹುಡುಗನ ಓದು, ಸಂಬಳ, ಬಣ್ಣ ಎಲ್ಲ ಆಮೇಲೆ. ಅವಳ ಮೊದಲ ಪ್ರಶ್ನೆ, ಅವ್ರದ್ ಯಾವ್ ಬಳಿ? ಒಂದೇ ಬಳಿಯ ಹೆಣ್ಣು ಗಂಡು ಅಣ್ಣ ತಂಗಿಗೆ ಸಮ, ಮದುವೆ ಸಲ್ಲ. ಮಾತುಕತೆ ಮುಗಿದು, ಹಾಲ್ ಬುಕ್ ಆಗುವ ಹಂತದಲ್ಲಿ ದೊಡ್ಡಮ್ಮ ಬಂದು ಹುಡುಗಿಯ ಅಜ್ಜಿಯ ಅಜ್ಜಿಯನ್ನು ನೆನಪು ಮಾಡಿ, ಇಬ್ಬರದೂ ಒಂದೇ ಬಳಿ ಎಂದು ತೋರಿಸಿಕೊಟ್ಟು ಎದ್ದು ಹೋದದ್ದುಂಟು. ಅವಳು ಕೂಡಿಸಿದ ಯಾವ ಜೋಡಿಯಲ್ಲೂ ಈ ಒಂದು ತಪ್ಪು ಆಗಿಲ್ಲ. ಅದು ಅವಳ ಜೀವಮಾನದ ಹೆಮ್ಮೆ.

ಇಂಥ ದೊಡ್ಡಮ್ಮನಿಗೆ ಒಂದೇ ಒಂದು ಕೊರಗು. ಕಣ್ಣು ತೆರೆದು ತೆಗೆಸಿಕೊಂಡ ಅವಳ ಒಂದು ಪಟ ಈ ಲೋಕದಲ್ಲಿಲ್ಲ.

ಅವಳ ಮದುವೆಗೆ ಕುಂದಾಪುರದಿಂದ ಪಟ ತೆಗೆಯುವವರು ಬಂದಿದ್ದರಂತೆ. ಆಗಿನ ಫ್ಲ್ಯಾಶು ಎಂದರೆ ತಟ್ಟೆಯಷ್ಟು ದೊಡ್ಡ ಬಟ್ಟಲು, ನಡುವೆ ಒಂದು ಬಲ್ಬು. ಒಂದು ಸಲ ಮಿಂಚಿದರೆ ಆ ಬಲ್ಬು ಸತ್ತಂತೆ. ದೊಡ್ಡಮ್ಮನ ಎದುರು ಅದು ಮಿಂಚಿದ್ದಲ್ಲದೆ ಟಪ್ಪೆಂದು ಒಡೆದು, ಬಿಸಿ ಗಾಜಿನ ಚೂರು ಧಾರೆ ಸೀರೆಯ ಮೇಲೆ ಬಿದ್ದು ತೂತಾಯಿತು. ಆ ಪಟ ಈಗಲೂ ಇದೆ. ದೊಡ್ಡಪ್ಪಯ್ಯ ಗಾಬರಿಯಲ್ಲಿದ್ದಾರೆ, ದೊಡ್ಡಮ್ಮ ಧ್ಯಾನದಲ್ಲಿದ್ದಾಳೆ. ಅಲ್ಲಿಂದೀಚೆಗೆ ಯಾರೇ ಮುಖದ ಮುಂದೆ ಏನೇ ಹಿಡಿಯಲಿ, ಅವಳ ರೆಪ್ಪೆ ತಾನಾಗಿ ಕೂಡಿಕೊಳ್ಳುತ್ತದೆ. ಮಗನ ಮದುವೆಯಲ್ಲಿ ಮುಚ್ಚಿದ ಕಣ್ಣು, ಮೊಮ್ಮಗಳ ತೊಟ್ಟಿಲ ಶಾಸ್ತ್ರದಲ್ಲಿ ಮುಚ್ಚಿದ ಕಣ್ಣು, ಓಟಿನ ಕಾರ್ಡಿನಲ್ಲೂ ಅದೇ. ಓಟು ಹಾಕಲು ಹೋದಾಗ ಅಲ್ಲಿದ್ದ ಪರಿಚಯದವರೊಬ್ಬರು, ಒಮ್ಮೆ ಕಣ್ಣು ಮುಚ್ಚಿ ಜಲಜಕ್ಕ, ಗುರುತು ಸಿಗಲಿ, ಎಂದರಂತೆ. ಇದನ್ನು ಅವಳೇ ಹೇಳಿ ನಗುತ್ತಾಳೆ.

ನಾನು ಪ್ರಯತ್ನ ಮಾಡಿಲ್ಲವೆಂದಲ್ಲ. ಮೂರು ಎಣಿಸುತ್ತೇನೆ, ಆಮೇಲೆ ತೆಗೆಯುತ್ತೇನೆ ಎಂದರೆ ಎರಡಕ್ಕೇ ಮುಚ್ಚುತ್ತಾಳೆ. ಮೊದಲೇ ಮುಚ್ಚಿರು, ಮೂರಕ್ಕೆ ತೆರೆ ಎಂದರೆ ಪಟ ತೆಗೆದು ನಾನು ಕ್ಯಾಮೆರಾ ಇಳಿಸಿದ ಮೇಲೆ ತೆರೆಯುತ್ತಾಳೆ. ಫ್ಲ್ಯಾಶಿಲ್ಲದೆ ತೆಗೆಯುತ್ತೇನೆಂದು ಆಣೆ ಇಟ್ಟರೂ ನಂಬಿಕೆಯಿಲ್ಲ. ಗೊತ್ತಾಗದ ಹಾಗೆ ಮೊಬೈಲಿನಲ್ಲಿ ತೆಗೆದವು ಬೇಕಾದಷ್ಟಿವೆ. ಒಂದರಲ್ಲಿ ಎಲೆಯಡಿಕೆ ಜಗಿಯುತ್ತಿದ್ದಾಳೆ, ಒಂದರಲ್ಲಿ ಬಂಗುಡೆ ಮೀನು ತೊಳೆಯುತ್ತ ಬೆನ್ನು ತಿರುಗಿಸಿದ್ದಾಳೆ. ಅವು ಅವಳಿಗೆ ಸಲ್ಲವು. ಗೊತ್ತಿಲ್ಲದೆ ತೆಗೆದದ್ದು ಪಟ ಅಲ್ಲ, ಕಳ್ಳತನ ಎನ್ನುತ್ತಾಳೆ. ಒಳ್ಳೆ ಸೀರೆ ಉಟ್ಟು, ಕುರ್ಚಿಯಲ್ಲಿ ಕೂತು, ಗೊತ್ತಿದ್ದೇ ತೆಗೆಸಿದ್ದಾಗಬೇಕು. ಒಮ್ಮೆ ನಾನು ಕಂಪ್ಯೂಟರಿನಲ್ಲಿ ಮುಚ್ಚಿದ ರೆಪ್ಪೆಯ ಮೇಲೆ ಬೇರೆ ಕಣ್ಣು ಕೂರಿಸಿ, ಜಾಣನಂತೆ ಒಯ್ದು ತೋರಿಸಿದೆ. ಅವಳು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿ, ಹೆಣ್ಣು ಚಂದ ಇದೆ, ಯಾವ ಊರಿನದು, ಯಾವ ಬಳಿ ಎಂದು ಕೇಳಿದಳು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ನಾವೆಲ್ಲ ಕೈಚೆಲ್ಲಿ ಕೂತಿದ್ದೆವು. ಅವಳು ಗಟ್ಟಿ ಜೀವ, ಎದ್ದು ಮನೆಗೆ ಬಂದಳು. ಬಂದ ಮೇಲೆ ಮೊದಲು ಕರೆಸಿದ್ದು ನನ್ನನ್ನು. ಚಾವಡಿಯ ಗೋಡೆಯಲ್ಲಿ ಮಾಲೆ ಹಾಕಿದ ದೊಡ್ಡಪ್ಪಯ್ಯನ ಪಟ, ಅದರ ಪಕ್ಕ ಖಾಲಿ ಜಾಗ. ಆ ಜಾಗ ತೋರಿಸಿ ಹೇಳಿದಳು. “ನಾಳಿಗೆ ನಾನ್ ಅಲ್ಲಿ ಕೂಕಂಡಿಪ್ಪತಿಗೆ ಮಕ್ಕ್ ಮರಿ ಕೈ ಮುಗುಕೆ ಬತ್ರ್. ನಾನ್ ಕಣ್ ಮುಚ್ಕಂಡಿದ್ರೆ ಅವ್ರ್ ಬಂದದ್ ನಂಗ್ ಗೊತ್ತಾಪ್ದ್ ಹ್ಯಾಂಗೆ ಮಗಾ?”

ನಗಬೇಕೆಂದುಕೊಂಡೆ, ನಗು ಬರಲಿಲ್ಲ. ಅವಳಾದರೋ ಸಂತೆಗೆ ಹೋಗುವ ಮುಂಚೆ ಚೀಲ ಹುಡುಕುವವಳ ಹಾಗೆ ಸಲೀಸಾಗಿ ಕೇಳಿದ್ದಳು. ಈ ಸಲ ಏನಾದರಾಗಲಿ, ಕಣ್ಣು ತೆರೆಸದೆ ಬಿಡುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಹಟ ತೊಟ್ಟೆ.

ಭಾನುವಾರ ಮಧ್ಯಾಹ್ನದ ಮೇಲೆ ಸಾಮಾನು ಹೊತ್ತು ಉಪ್ಪುಂದಕ್ಕೆ ಹೋದೆ. ನನ್ನ ಉಪಾಯ ಹೀಗಿತ್ತು. ಫ್ಲ್ಯಾಶನ್ನು ಅವಳ ಎದುರಿನಿಂದ ತೆಗೆದು, ದೂರದಲ್ಲಿ ಬಿಳಿ ಕೊಡೆಯೊಂದಕ್ಕೆ ತಿರುಗಿಸಿ ಇಡುವುದು. ಮಿಂಚು ಕೊಡೆಗೆ ಬಡಿದು, ಮೆತ್ತಗಾಗಿ ಬಂದು ಮುಖಕ್ಕೆ ಬೀಳುತ್ತದೆ, ಹೆದರುವ ಕಾರಣವಿಲ್ಲ. ದೊಡ್ಡಮ್ಮ ಆಗಲೇ ಹಸಿರು ರೇಷ್ಮೆ ಸೀರೆ ಉಟ್ಟು, ಕಿವಿಗೆ ಬೆಂಡ್ವಾಲೆ ಇಟ್ಟು, ಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದಳು. ನಾನು ಅವಳ ಪಕ್ಕದ ಮೇಜಿನ ಮೇಲೆ ಡಬ್ಬಿ ಬಿಚ್ಚಿದೆ. ಚಾರ್ಜು ತುಂಬಿದ ನಾಲ್ಕು ‘ಹೊ’ಗಳನ್ನು ಫ್ಲ್ಯಾಶಿನ ಹತ್ತಿರ ಸಾಲಾಗಿ ನಿಲ್ಲಿಸಿದೆ. ‘ಗೋ’ಗಳು ಹಿಂದಿನ ದಿನದ ಸೀಮಂತದಲ್ಲಿ ದುಡಿದು ಬಸವಳಿದಿದ್ದವು. ಹೋಟೆಲಿನಲ್ಲಿ ಚಾರ್ಜಿಗಿಡೋಣವೆಂದು ತಂದಿದ್ದೆ, ಅವನ್ನೂ ಅಲ್ಲೇ ಇಟ್ಟೆ. ಅದೇನು ಅಕ್ಷರ ಎಂದು ದೊಡ್ಡಮ್ಮ ಕೇಳಿದಳು. ಕೇಳುವವರು ಸಿಕ್ಕಿದರೆ ನನ್ನನ್ನು ಹಿಡಿಯುವವರಿಲ್ಲ. ಹೊನ್ನೆ ಬಳಿ, ಗೋಳಿ ಬಳಿ ಎಂದು ಎಲ್ಲವನ್ನೂ ವಿವರಿಸಿ, ಒಂದೇ ಬಳಿಯ ನಾಲ್ಕನ್ನೇ ಒಟ್ಟಿಗೆ ಹಾಕುವುದು ಎಂದೆ. ಅವಳು ಹುಬ್ಬು ಗಂಟಿಕ್ಕಿ ಸೆಲ್ಲುಗಳನ್ನು ನೋಡಿದಳು. ವಿಜ್ಞಾನ ಅರ್ಥವಾಗಲಿಲ್ಲ ಪಾಪ, ಎಂದುಕೊಂಡೆ.

ಅಷ್ಟರಲ್ಲಿ ಸೊಸೆ ಸುಮತಿ ಚಹಾಕ್ಕೆ ಕರೆದಳು. ಹೋಟೆಲಿನ ಕಡೆಯಿಂದ ಬಿಸಿ ಗೋಳಿಬಜೆಯ ಪರಿಮಳ ಬರುತ್ತಿತ್ತು. ಎರಡು ತಿಂದು ಬರುತ್ತೇನೆಂದು ಹೋದವನು ಒಂದು ತಟ್ಟೆ ತಿಂದು ಬಂದೆ. ಬರುವಾಗ ಫ್ಲ್ಯಾಶಿನ ಮುಚ್ಚಳ ಹಾಕಿತ್ತು. ನೀನು ಸಾಮಾನು ಹರಡಿ ಹೋದೆ, ನಾನೇ ಎಲ್ಲ ಹಾಕಿ ಇಟ್ಟಿದ್ದೇನೆ ಎಂದಳು ದೊಡ್ಡಮ್ಮ. ಹತ್ತಿರವೇ ನಿಲ್ಲಿಸಿದ್ದ ನಾಲ್ಕನ್ನು ಹಾಕಿದ್ದಾಳೆ, ಅದರಲ್ಲೇನು ತಪ್ಪುವುದು ಎಂದು ನಾನು ಸಂತೋಷಪಟ್ಟೆ. ಕೋಣೆಯೊಳಗೆ ಒಯ್ದು ಗೋಡೆಗೆ ಒಂದು ಸಲ ಮಿಂಚಿಸಿ ನೋಡಿದೆ. ಸರಿಯಾಗಿ ಮಿಂಚಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದ ಗಾದೆ ಇದೆಯಲ್ಲ, ಅದು ಆಗ ನೆನಪಾಗಲಿಲ್ಲ.

ಕೊಡೆ ನಿಲ್ಲಿಸಿದೆ. ದೊಡ್ಡಮ್ಮನಿಗೆ ನೆಟ್ಟಗೆ ಕೂರಲು ಹೇಳಿ ಒಂದು, ಎರಡು, ಮೂರು ಎಂದೆ. ಎರಡಕ್ಕೇ ಅವಳ ಕಣ್ಣು ಮುಚ್ಚಿತು, ಎಂದಿನಂತೆ. ಗುಂಡಿ ಒತ್ತಿದೆ. ಕ್ಯಾಮೆರಾ ಕಿಟಿಕ್ಕೆಂದಿತು, ಮಿಂಚು ಬರಲಿಲ್ಲ. ಮತ್ತೆ ಒತ್ತಿದೆ. ಇಲ್ಲ. ದೊಡ್ಡಮ್ಮ ಮಿಂಚಿಗಾಗಿ ಕಣ್ಣು ಬಿಗಿದು ಕಾಯುತ್ತಲೇ ಇದ್ದಳು. ಫ್ಲ್ಯಾಶಿನ ಕೆಂಪು ದೀಪವೇ ಆರಿತ್ತು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಅವಳತ್ತಲೇ ನೋಡುತ್ತಿತ್ತು. ನಾನು ಬಿಚ್ಚಿ ತಂದ ಫ್ಲ್ಯಾಶನ್ನು ಒಂದು ಕೈಯಲ್ಲಿ ತೊಡೆಗೆ ಕುಟ್ಟುತ್ತ, ಇನ್ನೊಂದು ಕೈಯಲ್ಲಿ ಗುಂಡಿ ಒತ್ತುತ್ತ ಬೈದುಕೊಳ್ಳತೊಡಗಿದೆ. ಸುಮತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾದು ಕಾದು ದೊಡ್ಡಮ್ಮನಿಗೆ ಸಾಕಾಯಿತು. ಎಂತ ಆಯ್ತು ನಿನಗೆ, ಒಂದು ಪಟ ತೆಗೆಯಲು ಬರುವುದಿಲ್ಲವೇ ಎಂದು ಗದರಿಸಿದಳು.

ಮುಚ್ಚಳ ತೆಗೆದೆ. ಒಳಗೆ ಒಂದು ‘ಹೊ’, ಒಂದು ‘ಗೋ’, ಮತ್ತೊಂದು ‘ಹೊ’, ಮತ್ತೊಂದು ‘ಗೋ’. ಮಂಟಪದಲ್ಲಿ ಕೂರಿಸಿದ ಹಾಗೆ ಸಾಲಾಗಿ ಕೂತಿದ್ದವು. ಗೋಳಿ ಬಳಿಯವುಗಳಲ್ಲಿ ಉಳಿದಿದ್ದ ಜೀವ ಆ ಒಂದು ಮಿಂಚಿಗೆ ತೀರಿಹೋಗಿತ್ತು. ಸದ್ಯ, ಬಿಸಿ ಏರುವ ಮುಂಚೆ ಹೊರತೆಗೆದೆ. ಇದೇನು ಮಾಡಿದೆ ದೊಡ್ಡಮ್ಮ ಎಂದು ಕೇಳುವಾಗ ನನ್ನ ದನಿ ಅಳುವ ಹಾಗಿತ್ತಂತೆ, ಸುಮತಿ ಆಮೇಲೆ ಹೇಳಿದಳು.

ದೊಡ್ಡಮ್ಮ ಒಂದಿಷ್ಟೂ ಅಳುಕಲಿಲ್ಲ. “ನಾಲ್ಕೂ ಹೊನ್ನೆ ಬಳಿದೇ ಒಂದೇ ಕ್ವಾಣಿ ಒಳ್ಗ್ ಹಾಕುಕಾತ್ತಾ? ಅಣ್ಣ ತಂಗಿಗ್ ಮದಿ ಮಾಡ್ಸುದಾ ನೀನ್? ಅದ್ಕೇ ಸಮ ಮಾಡಿ ಹಾಕಿದೆ.”

ಸುಮತಿ ನಗು ತಡೆಯಲಾಗದೆ ಒಳಗೋಡಿದಳು. ಮದುವೆಗೆ ಬೇರೆ ಬಳಿ, ಸೆಲ್ಲಿಗೆ ಒಂದೇ ಬಳಿ ಎಂದು ನಾನು ತಿಳಿಸಿ ಹೇಳಲು ನೋಡಿದೆ. ಅವಳು ಕೇಳಲಿಲ್ಲ. ಜನ್ಮದಲ್ಲಿ ಮಾಡದ ತಪ್ಪನ್ನು ಈ ವಯಸ್ಸಿನಲ್ಲಿ ಸೆಲ್ಲಿಗೋಸ್ಕರ ಮಾಡಲು ಅವಳು ತಯಾರಿರಲಿಲ್ಲ. ಸೆಲ್ಲು ಬದಲಿಸಿ ಮತ್ತೆ ಹೊಡೆದೆ. ಮಿಂಚು ಬಂತು, ಕಣ್ಣು ಮುಚ್ಚಿತು. ಹತ್ತಿಪ್ಪತ್ತು ಸಲವೂ ಹಾಗೆಯೇ. ಕೊನೆಗೆ ಅವಳಿಗೇ ಉಬ್ಬಸ ಬಂದಂತಾಗಿ, ಸಾಕು ಮಗಾ, ಹಣೆಯಲ್ಲಿ ಬರೆದಿಲ್ಲ, ಮುಚ್ಚಿದ್ದನ್ನೇ ಹಾಕು, ಎಂದಳು. ಅವಳು ಹಾಗೆ ಸೋತು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಹಟ ತೊಟ್ಟು ಹೋದವನು ಬಾಲ ಮುದುಡಿಕೊಂಡು ನಾವುಂದಕ್ಕೆ ಬಂದೆ. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಸಿಟ್ಟು.

ಇದ್ದುದರಲ್ಲಿ ಒಳ್ಳೆಯದನ್ನು ಆರಿಸೋಣವೆಂದು ಸ್ಟುಡಿಯೋದಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದೆ. ಮೊದಲಿನವು ಮಿಂಚಿಲ್ಲದೆ ಕಪ್ಪಾಗಿದ್ದವು, ನಾನು ಗುಂಡಿ ಕುಟ್ಟುತ್ತಿದ್ದಾಗಿನವು. ಅಳಿಸುವ ಮುಂಚೆ ಸುಮ್ಮನೆ ಒಂದೊಂದಕ್ಕೂ ಬೆಳಕು ಏರಿಸಿ ನೋಡಿದೆ. ಒಂದರಲ್ಲಿ ದೊಡ್ಡಮ್ಮ ಕೂತಿದ್ದಳು. ಸೆರಗು ಸರಿಯಾಗಿದೆ, ಬೆನ್ನು ನೆಟ್ಟಗಿದೆ, ಕೈ ತೊಡೆಯ ಮೇಲಿದೆ. ಬಾಗಿಲಿನ ಬೆಳಕು ಮುಖದ ಮೇಲಿದೆ. ಎರಡೂ ಕಣ್ಣು ಅಗಲವಾಗಿ ತೆರೆದು ನನ್ನನ್ನೇ ನೋಡುತ್ತಿವೆ. ಗದರಿಸಲು ಬಾಯಿ ತೆರೆಯುವುದಕ್ಕೆ ಒಂದು ಕ್ಷಣ ಮುಂಚಿನದು. ನಾನು ಕುರ್ಚಿಯಿಂದ ಎದ್ದು ನಿಂತೆ. ವಸಂತಿಗೆ ಫೋನು ಮಾಡಿ ಸಿಕ್ಕಿತು, ಸಿಕ್ಕಿತು ಎಂದೆ. ಯಾವ ಸೆಲ್ಲು ಎಂದು ಕೇಳಿದಳು.

ಮರುದಿನ ದೊಡ್ಡದಾಗಿ ಮುದ್ರಿಸಿ ಕಟ್ಟು ಹಾಕಿಸಿ ಉಪ್ಪುಂದಕ್ಕೆ ಒಯ್ದೆ. ಅವಳು ಕೂತದ್ದು ಪಟಕ್ಕೆಂದೇ ನಿಜ. ಆದರೆ ಆ ಕ್ಷಣ ತೆಗೆದದ್ದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಳ್ಳತನ ಎಂದುಬಿಟ್ಟರೆ ಮುಗಿಯಿತು, ಮತ್ತೊಮ್ಮೆ ಕೂರುವ ಶಕ್ತಿ ಅವಳಿಗಿಲ್ಲ.

ದೊಡ್ಡಮ್ಮ ಕನ್ನಡಕ ಒರೆಸಿ ಹಾಕಿಕೊಂಡಳು. ಪಟವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡಳು. ಸುಮತಿ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಬಂದು ನಿಂತಳು. ದೊಡ್ಡಮ್ಮನ ಬೆರಳು ಮೆಲ್ಲಗೆ ಗಾಜಿನ ಮೇಲೆ ಆ ಕಣ್ಣುಗಳ ಹತ್ತಿರ ಹೋಯಿತು.

“ಇದ್ ನಾನಲ್ಲ ಮಗಾ,” ಎಂದಳು. “ಇದ್ ನಮ್ಮಬ್ಬಿ.”

ಅವಳ ಅಬ್ಬಿ ಎಂದರೆ ನನ್ನ ಅಜ್ಜಿ. ನಾನು ಹುಟ್ಟುವ ಎಷ್ಟೋ ಮುಂಚೆ, ದೊಡ್ಡಮ್ಮನ ಮದುವೆಗೂ ಮುಂಚೆ ತೀರಿಕೊಂಡವಳು. ಅವಳ ಒಂದು ಪಟವೂ ಇಲ್ಲ, ತೆಗೆಸಿದವರೇ ಇಲ್ಲ. ನನ್ನ ಅಮ್ಮ ಆಗ ಇನ್ನೂ ಸಣ್ಣವಳು, ಅಜ್ಜಿ ಹೇಗಿದ್ದಳೆಂದು ಅವಳಿಗೂ ಸರಿಯಾಗಿ ನೆನಪಿರಲಿಲ್ಲ. ನಾವು ತಪ್ಪು ಮಾಡಿದಾಗ ಬೈಯುವ ಮುಂಚೆ ಅಬ್ಬಿ ಹೀಗೆಯೇ ನೋಡುತ್ತಿದ್ದಳು, ಹೀಗೆಯೇ, ಎಂದು ದೊಡ್ಡಮ್ಮ ಮತ್ತೆ ಮತ್ತೆ ಹೇಳಿದಳು. ಇಷ್ಟು ವರ್ಷ ಕನ್ನಡಿಯಲ್ಲಿ ಕಾಣಲಿಲ್ಲವೇ ಎಂದು ನಾನು ಕೇಳಿದೆ.

“ಕನ್ನಡಿಗ್ ಯಾರಾರೂ ಬೈತ್ರಾ?” ಎಂದಳು.

ಪಟವನ್ನು ಬಟ್ಟೆ ಸುತ್ತಿ ಕಪಾಟಿನಲ್ಲಿ ಇಡುತ್ತೇನೆ, ಬದುಕಿರುವವರದ್ದನ್ನು ಈಗಲೇ ಗೋಡೆಗೆ ಹಾಕುವುದು ಬೇಡ ಎಂದು ಸುಮತಿ ಕೈ ಚಾಚಿದಳು. ದೊಡ್ಡಮ್ಮ ಕೊಡಲಿಲ್ಲ. ದೊಡ್ಡಪ್ಪಯ್ಯನ ಪಕ್ಕದ ಆ ಜಾಗವೂ ಬೇಡವಾಯಿತು. ತಾನು ಬೆಳಿಗ್ಗೆ ಚಹಾ ಕುಡಿಯುತ್ತ ಕೂರುವ ಕುರ್ಚಿಗೆ ಸರಿಯಾಗಿ ಎದುರು, ಬಾಗಿಲ ಪಕ್ಕದ ಗೋಡೆ ತೋರಿಸಿದಳು. ನಾನು ಸ್ಟೂಲು ತಂದು ಹತ್ತಿದೆ. ಮೊಳೆ ಹೊಡೆಯುವಾಗ ಕಣ್ಣು ಮಂಜಾಗಿ ಎರಡು ಸಲ ಬೆರಳಿಗೇ ಹೊಡೆದುಕೊಂಡೆ. ನಾನು ನೋಡದ ಅಜ್ಜಿ ನನ್ನನ್ನು ನೋಡುತ್ತಿದ್ದಳು.

ಕೆಳಗಿಳಿದು, ಸರಿ ಇದೆಯೇ ಎಂದು ಕೇಳಿದೆ. ದೊಡ್ಡಮ್ಮ ಕುರ್ಚಿಯಲ್ಲಿ ಸಣ್ಣ ಹುಡುಗಿಯ ಹಾಗೆ ಕೈಕಟ್ಟಿ ಕೂತಿದ್ದಳು.

“ಅಲ್ಲೇ ಇರ್ಲಿ,” ಎಂದಳು. “ಅಬ್ಬಿ ಹತ್ರ ಬೈಸ್ಕಣ್ದೆ ಎಷ್ಟ್ ವರ್ಷ ಆಯ್ತ್ ಮಗಾ.”